ಹಳ್ಳದ ನೀರಿನ ಸೊಪ್ಪು: ಮನೆಗೆ ಒಂದು ಮಡಿ, ಸಂತೆಗೆ ಇನ್ನೊಂದು

ಹಳ್ಳದ ದಂಡೆಯವಳು (ದಾವಣಗೆರೆ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ ಉತ್ತರಿಸಿ.

ನಮ್ಮದು ದಾವಣಗೆರೆಯ ಕೆಳಗಿರುವ ಒಂದು ಹಳ್ಳಿ. ಎರಡು ಎಕರೆ ಹತ್ತು ಗುಂಟೆ ಜಮೀನು ಹಳ್ಳಕ್ಕೆ ತಾಗಿಕೊಂಡಿದೆ. ದಾಖಲೆಯಲ್ಲಿ ಅದು ಭದ್ರಾ ಅಚ್ಚುಕಟ್ಟಿನ ಜಮೀನು. ಆದರೆ ನಾವಿರುವುದು ನಾಲೆಯ ಕೊನೆಯ ಭಾಗ. ಲಕ್ಕವಳ್ಳಿಯಲ್ಲಿ ಬಿಟ್ಟ ನೀರು ಮೇಲಿನ ಗದ್ದೆಗಳನ್ನೆಲ್ಲ ದಾಟಿ ನಮ್ಮ ತೂಬಿಗೆ ಬರುವ ಹೊತ್ತಿಗೆ ಭತ್ತದ ಸಸಿ ಹಳದಿಯಾಗಿರುತ್ತದೆ. 2023ರ ಬರದ ವರ್ಷ ತೂಬಿನ ಮುಂದೆ ರಾತ್ರಿಯೆಲ್ಲ ಕಾದು ಕುಳಿತ ನನ್ನ ಯಜಮಾನರು ಬೆಳಿಗ್ಗೆ ಬಂದು, ಇನ್ನು ಭತ್ತದ ಮಾತು ಬೇಡ ಎಂದರು. ಆ ವಾರವೇ ಹಳ್ಳಕ್ಕೆ ಮೋಟಾರು ಇಟ್ಟೆವು.

ಹಳ್ಳದಲ್ಲಿ ವರ್ಷವಿಡೀ ನೀರಿದೆ. ಅದು ಮಳೆಯದಲ್ಲ, ಊರಿನದು. ಬಚ್ಚಲು, ಶೌಚಾಲಯ, ಹೋಟೆಲು, ಆಸ್ಪತ್ರೆ, ಬಟ್ಟೆ ಒಗೆಯುವ ಯಂತ್ರ ಎಲ್ಲದರ ನೀರೂ ಅದರಲ್ಲಿದೆ. ಕೊತ್ತಂಬರಿ, ಮೆಂತ್ಯ, ಪಾಲಕ್, ದಂಟು, ರಾಜಗಿರಿ ಏನು ಹಾಕಿದರೂ ಗೊಬ್ಬರ ಕೇಳದೆ ಏಳುತ್ತದೆ. ಮೂವತ್ತು ದಿನಕ್ಕೆ ಕೊತ್ತಂಬರಿ ಕೈಗೆ ಬರುತ್ತದೆ. ಬೆಳಗಿನ ನಾಲ್ಕು ಗಂಟೆಗೆ ಕಟ್ಟು ಕಟ್ಟಿ ದಾವಣಗೆರೆಯ ಮಾರುಕಟ್ಟೆಗೆ ಒಯ್ಯುತ್ತೇವೆ. ಮಗಳ ಬಿ.ಫಾರ್ಮ ಓದಿನ ಶುಲ್ಕ ಈ ಸೊಪ್ಪಿನಿಂದಲೇ ಹೋಗುತ್ತಿದೆ.

ಕಳೆದ ಮಾಗಿಯಲ್ಲಿ ಯಜಮಾನರ ಬಲಗಾಲಿಗೆ ಸಲಿಕೆ ತಗುಲಿ ಗಾಯವಾಯಿತು. ಅವರು ಬರಿಗಾಲಿನಲ್ಲಿ ನೀರು ಹಾಯಿಸುವವರು. ಎರಡು ಸಲ ಮಾತ್ರೆ ಬದಲಾಯಿಸಿದರೂ ಗಾಯ ಮಾಯಲಿಲ್ಲ. ವೈದ್ಯರು ಕೀವು ತೆಗೆದು ಕಲ್ಚರ್ ಪರೀಕ್ಷೆಗೆ ಕಳುಹಿಸಿದರು. ಬಂದ ಹಾಳೆಯಲ್ಲಿ ಹನ್ನೆರಡು ಔಷಧಿಗಳ ಹೆಸರಿತ್ತು, ಏಳರ ಮುಂದೆ 'ಆರ್' ಎಂದು ಬರೆದಿತ್ತು. ಆರ್ ಎಂದರೆ ಆ ಔಷಧಿಗೆ ಈ ರೋಗಾಣು ಬಗ್ಗುವುದಿಲ್ಲ ಎಂದು ಮಗಳು ವಿವರಿಸಿದಳು. ಕೊನೆಗೆ ಚುಚ್ಚುಮದ್ದಿನಿಂದ ಗುಣವಾಯಿತು, ಆದರೆ ಆ ಹಾಳೆ ನನ್ನ ತಲೆಯಿಂದ ಹೋಗಿಲ್ಲ. ಹಳ್ಳದ ನೀರಿನಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ, ವೈದ್ಯರೂ ಹೇಳಲಿಲ್ಲ. ಆದರೆ ಜನ ನುಂಗಿದ ಔಷಧಿ ಮೂತ್ರದಲ್ಲಿ ಹೊರಬಂದು ಚರಂಡಿ ಸೇರುತ್ತದೆ, ಶುದ್ಧೀಕರಣ ಘಟಕದಲ್ಲಿಯೂ ಕೆಲವು ಉಳಿಯುತ್ತವೆ ಎಂದು ಮಗಳು ತನ್ನ ಪಾಠದಲ್ಲಿ ಓದಿದ್ದಾಳೆ. ನಾನು ವಿಚಾರಿಸಿದ ಒಬ್ಬ ಅಧಿಕಾರಿ, ಘಟಕದಿಂದ ಹಳ್ಳಕ್ಕೆ ಬರುವ ನೀರಿನ ಬಿಒಡಿ (ನೀರಿನ ಕೊಳೆ ಅಳೆಯುವ ಲೆಕ್ಕ) ಮಿತಿಯೊಳಗಿದೆ, ಹೆದರಬೇಡಿ ಎಂದರು.

ಇನ್ನು ಹೇಳಲೇಬೇಕಾದ ಮಾತು. ಮನೆಯ ಹಿತ್ತಿಲಿನಲ್ಲಿ ಕೊಳವೆಬಾವಿಯ ನೀರು ಹಾಯಿಸುವ ಎರಡು ಮಡಿ ಸೊಪ್ಪಿದೆ. ನಾವು ತಿನ್ನುವುದು ಅದನ್ನು. ಹಳ್ಳದ ಸೊಪ್ಪು ನಮ್ಮ ಮನೆಯ ಒಲೆಯ ಮೇಲೆ ಏರಿಲ್ಲ. ಯಾರೂ ಹೀಗೆ ಮಾಡೋಣ ಎಂದು ಕುಳಿತು ನಿರ್ಧರಿಸಲಿಲ್ಲ, ಮೊದಲ ದಿನದಿಂದ ಹಾಗೆಯೇ ನಡೆದು ಬಂದಿದೆ. ಮಾರುಕಟ್ಟೆಯಲ್ಲಿ ನನ್ನಿಂದ ದಿನವೂ ನಲವತ್ತು ಕಟ್ಟು ಕೊಳ್ಳುವ ಒಬ್ಬ ಅಕ್ಕ ಇದ್ದಾರೆ. ಹೋದ ವಾರ ಅವರು, ನಿನ್ನ ಮೆಂತ್ಯವನ್ನೇ ನನ್ನ ಬಾಣಂತಿ ಸೊಸೆಗೆ ಕೊಡುತ್ತಿದ್ದೇನೆ, ಎಷ್ಟು ಎಳೆಯದಾಗಿದೆ ಎಂದರು. ಅಂದಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಬಿಒಡಿ ಸರಿ ಇದ್ದರೆ ನೀರು ಸರಿ ಎಂದೇ? ಔಷಧಿಯ ಅಂಶ ಸೊಪ್ಪಿನ ಒಳಗೆ ಹೋಗುತ್ತದೆಯೇ, ತೊಳೆದರೆ ಹೋಗುತ್ತದೆಯೇ? ಎಲ್ಲಿ ಪರೀಕ್ಷೆ ಮಾಡಿಸಬಹುದು? ಸೊಪ್ಪು ಬಿಡಬೇಕೆಂದರೆ ಈ ನೀರಿನಲ್ಲಿ ಏನು ಬೆಳೆಯಲಿ? ಬಲ್ಲವರು ಹೇಳಿ. ಬೈದರೂ ಕೇಳಿಸಿಕೊಳ್ಳುತ್ತೇನೆ.

---

ನಿವೃತ್ತ ರಸಾಯನಶಾಸ್ತ್ರಜ್ಞ (ಹರಿಹರ):

ತಂಗಿ, ಬೈಯುವ ಪ್ರಶ್ನೆಯೇ ಇಲ್ಲ. ಮನೆಗೆ ಬೇರೆ ಮಡಿ ಇದೆ ಎಂದು ಒಪ್ಪಿಕೊಂಡು ಬರೆದಿದ್ದೀರಿ. ನಗರಗಳ ಕೆಳಗೆ ಹರಿಯುವ ಹಳ್ಳಗಳ ದಂಡೆಯಲ್ಲಿ ಇಂತಹ ಮಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಒಪ್ಪಿಕೊಂಡವರನ್ನು ನೋಡಿರಲಿಲ್ಲ. ಇಪ್ಪತ್ತಾರು ವರ್ಷ ನೀರು ಪರೀಕ್ಷೆಯ ಕೆಲಸ ಮಾಡಿದವನು ನಾನು. ಗೊತ್ತಿರುವುದನ್ನು ಹೇಳುತ್ತೇನೆ.

ಬಿಒಡಿ ಪರೀಕ್ಷೆಯಲ್ಲಿ ನಾವು ಒಂದು ಬಾಟಲಿ ನೀರನ್ನು 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಕತ್ತಲಲ್ಲಿ ಇಡುತ್ತೇವೆ. ಸೂಕ್ಷ್ಮಜೀವಿಗಳು ನೀರಿನ ಕೊಳೆಯನ್ನು ತಿನ್ನುತ್ತ ಎಷ್ಟು ಆಮ್ಲಜನಕ ಬಳಸಿದವು ಎಂದು ಅಳೆಯುತ್ತೇವೆ. ಅಂದರೆ ಅದು ಕೊಳೆಯುವ ವಸ್ತುವಿನ ಲೆಕ್ಕ. ಅನ್ನದ ಗಂಜಿ, ಮಲ, ಸಾಬೂನಿನ ಕೊಬ್ಬು ಇದರಲ್ಲಿ ಸಿಕ್ಕಿಬೀಳುತ್ತವೆ. ಕೊಳೆಯದ ವಸ್ತು ಎಷ್ಟೇ ಇದ್ದರೂ ಬಿಒಡಿ ಅದನ್ನು ಕಾಣುವುದಿಲ್ಲ. 2017ರ ಕೇಂದ್ರ ಅಧಿಸೂಚನೆಯಂತೆ ಮಹಾನಗರ, ರಾಜಧಾನಿಗಳನ್ನು ಬಿಟ್ಟು ಉಳಿದ ಊರುಗಳ ಘಟಕದಿಂದ ಹೊರಬರುವ ನೀರಿನಲ್ಲಿ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಒಳಗಿರಬೇಕು. ನೀರಿಗೆ ಮಲ ಸೇರಿದೆ ಎಂದು ತೋರಿಸುವ ಮಲದ ಕೋಲಿಫಾರ್ಮ್ ಸೂಕ್ಷ್ಮಜೀವಿ 100 ಮಿಲಿಲೀಟರಿಗೆ 1,000 ಮೀರಬಾರದು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಇನ್ನೂ ಬಿಗಿಗೊಳಿಸಲು ಹೇಳಿತು. ಆದರೆ ಎರಡರಲ್ಲಿಯೂ ಔಷಧಿಯ ಹೆಸರಿಲ್ಲ, ಹಾರ್ಮೋನಿನ ಹೆಸರಿಲ್ಲ, ಪ್ಲಾಸ್ಟಿಕ್ ಎಳೆಯ ಹೆಸರಿಲ್ಲ. ನಿಮಗೆ ಉತ್ತರಿಸಿದ ಅಧಿಕಾರಿ ಸುಳ್ಳು ಹೇಳಿಲ್ಲ. ಅವರ ಹಾಳೆಯಲ್ಲಿ ಆ ಕಾಲಂ ಇಲ್ಲ, ಅಷ್ಟೇ.

ಪ್ರಮಾಣ ಎಷ್ಟಿರುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಿ, ಇಲ್ಲವಾದರೆ ಅನಗತ್ಯ ಭಯ ಹುಟ್ಟುತ್ತದೆ. ಇವುಗಳನ್ನು ಅಳೆಯುವುದು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಐದು ಸಾವಿರ ಲೀಟರಿನ ಟ್ಯಾಂಕರ್ ನೋಡಿದ್ದೀರಲ್ಲ? ಅಂತಹ ಇನ್ನೂರು ಟ್ಯಾಂಕರ್ ನೀರಿಗೆ ಒಂದೇ ಒಂದು ಗ್ರಾಂ ಔಷಧಿ ಕಲಸಿದರೆ ಲೀಟರಿಗೆ ಒಂದು ಮೈಕ್ರೋಗ್ರಾಂ ಆಗುತ್ತದೆ. ಕಣ್ಣಿಗೆ, ಮೂಗಿಗೆ, ನಾಲಿಗೆಗೆ ಯಾವುದಕ್ಕೂ ತಿಳಿಯುವುದಿಲ್ಲ.

ಎಲ್ಲ ಔಷಧಿಯೂ ಒಂದೇ ರೀತಿ ವರ್ತಿಸುವುದಿಲ್ಲ. ಜ್ವರದ ಪ್ಯಾರಾಸಿಟಮಾಲ್, ಕಾಫಿಯ ಕೆಫೀನ್ ಇವನ್ನು ಸರಿಯಾಗಿ ನಡೆಯುವ ಘಟಕದ ಸೂಕ್ಷ್ಮಜೀವಿಗಳು ಬಹುಪಾಲು ತಿಂದು ಮುಗಿಸುತ್ತವೆ. ಅಪಸ್ಮಾರಕ್ಕೆ ಕೊಡುವ ಕಾರ್ಬಮಾಜೆಪೈನ್ ಇದಕ್ಕೆ ತದ್ವಿರುದ್ಧ. ಅದು ಒಳಗೆ ಬಂದಷ್ಟೇ ಹೆಚ್ಚುಕಡಿಮೆ ಹೊರಗೆ ಹೋಗುತ್ತದೆ. ಹೀಗಾಗಿಯೇ ಒಂದು ಕೆರೆಗೆ ಚರಂಡಿ ನೀರು ಸೇರಿದೆಯೇ ಎಂದು ಪತ್ತೆ ಮಾಡಲು ಸಂಶೋಧಕರು ಕಾರ್ಬಮಾಜೆಪೈನ್ ಇದೆಯೇ ಎಂದು ನೋಡುತ್ತಾರೆ. ನೋವಿನ ಡೈಕ್ಲೋಫೆನಾಕ್ ಅರ್ಧಂಬರ್ಧ ಉಳಿಯುತ್ತದೆ. ಸಿಪ್ರೊಫ್ಲಾಕ್ಸಸಿನ್‌ನಂತಹ ಪ್ರತಿಜೀವಕಗಳು (ಆಂಟಿಬಯಾಟಿಕ್) ನೀರಿನಿಂದ ಇಳಿದು ಕೆಸರಿಗೆ ಅಂಟಿಕೊಳ್ಳುತ್ತವೆ. ಘಟಕದ ಒಣಗಿದ ಕೆಸರನ್ನು ಯಾರಾದರೂ ಗೊಬ್ಬರವೆಂದು ಅಗ್ಗಕ್ಕೆ ಕೊಟ್ಟರೆ ಸೊಪ್ಪಿನ ಮಡಿಗೆ ಹಾಕಬೇಡಿ.

ನಮ್ಮ ಕೆಸರಿನಲ್ಲಿ ಈಗ ಬಟ್ಟೆಯ ಎಳೆಯೂ ಇದೆ. ನಾನು ಚಿಕ್ಕವನಿದ್ದಾಗ ದಾವಣಗೆರೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಹತ್ತಿಯ ಎಳೆ ಕೊಳೆತು ಮಣ್ಣಾಗುತ್ತದೆ. ಈಗ ಒಗೆಯುವ ಯಂತ್ರದಿಂದ ಬರುವುದು ಪಾಲಿಯೆಸ್ಟರ್ ಎಳೆ. ಘಟಕ ಅದರಲ್ಲಿ ಬಹುಪಾಲನ್ನು ನೀರಿನಿಂದ ಹಿಡಿದು ನಿಲ್ಲಿಸುತ್ತದೆ, ಆದರೆ ಹಿಡಿದದ್ದು ಕೆಸರಿನಲ್ಲಿ ಹಾಗೆಯೇ ಇರುತ್ತದೆ.

ಸೊಪ್ಪಿನ ಒಳಗೆ ಹೋಗುತ್ತದೆಯೇ ಎಂದು ಕೇಳಿದಿರಿ. ಹೌದು, ಕೆಲವು ಹೋಗುತ್ತವೆ. ಬೇರು ಹೀರಿದ ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಅದರ ಜೊತೆ ಏರಿದ ವಸ್ತು ಎಲೆಯಲ್ಲಿಯೇ ನಿಲ್ಲುತ್ತದೆ. ಗಡಸು ನೀರು ಕಾಯಿಸುವ ಹಂಡೆಯ ತಳದಲ್ಲಿ ಸುಣ್ಣ ಕಟ್ಟುವುದಿಲ್ಲವೇ, ಹಾಗೆ. ಆದ್ದರಿಂದ ಕಾಯಿ, ಹಣ್ಣು, ಕಾಳಿಗಿಂತ ಎಲೆಯಲ್ಲಿ ಕಾರ್ಬಮಾಜೆಪೈನ್ ಹೆಚ್ಚು. ಎಲೆಯ ಒಳಗೆ ಸೇರಿದ್ದನ್ನು ತೊಳೆದು ತೆಗೆಯಲು ಬರುವುದಿಲ್ಲ. ತೊಳೆದರೆ ಹೋಗುವುದು ಹೊರಗಿನ ಮಣ್ಣು, ಒಂದಷ್ಟು ರೋಗಾಣು ಮಾತ್ರ. ಇಸ್ರೇಲ್ ದೇಶದಲ್ಲಿ ಕೊಳಚೆ ನೀರಿನ ಬಹುಪಾಲು ಶುದ್ಧೀಕರಣವಾಗಿ ಹೊಲಕ್ಕೇ ಹೋಗುತ್ತದೆ. ಅಲ್ಲಿ ಅಂತಹ ನೀರಿನ ತರಕಾರಿ ತಿಂದ ಆರೋಗ್ಯವಂತರ ಮೂತ್ರದಲ್ಲಿ ಕಾರ್ಬಮಾಜೆಪೈನ್ ಕಂಡುಬಂದದ್ದು 2016ರಲ್ಲಿ ಪ್ರಕಟವಾಯಿತು. ಔಷಧಿಯಾಗಿ ನುಂಗುವವರಲ್ಲಿ ಇರುವುದಕ್ಕಿಂತ ಅದು ಸಾವಿರಾರು ಪಟ್ಟು ಕಡಿಮೆ. ನಿಮ್ಮ ಮೆಂತ್ಯ ತಿಂದ ಬಾಣಂತಿಗೆ ಇದರಿಂದ ಕಾಯಿಲೆ ಬರುತ್ತದೆ ಎಂದು ನಾನು ಹೇಳಲಾರೆ. ಆದರೆ ಬೇಡದ ಔಷಧಿಯನ್ನು ಕೇಳದೆ ಯಾರ ತಟ್ಟೆಗೂ ಬಡಿಸಬಾರದು ಎಂಬ ನಿಮ್ಮ ಸಂಕಟ ಸರಿಯಾದದ್ದು.

ನನಗೆ ಹೆಚ್ಚು ಚಿಂತೆ ಇರುವುದು ಆ 'ಆರ್' ಅಕ್ಷರದ ಬಗ್ಗೆ. ಚರಂಡಿಯಲ್ಲಿ, ಘಟಕದ ತೊಟ್ಟಿಯಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಒತ್ತೊತ್ತಾಗಿ ಇರುತ್ತವೆ. ಮೇಲಿಂದ ಪ್ರತಿಜೀವಕದ ಹನಿ ಬೀಳುತ್ತಲೇ ಇರುತ್ತದೆ. ಬದುಕಿ ಉಳಿದವು ತಮ್ಮ ಉಳಿವಿನ ಗುಣವನ್ನು ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರದ ರೂಪದಲ್ಲಿ ಪಕ್ಕದವಕ್ಕೆ ದಾಟಿಸುತ್ತವೆ, ಬೇರೆ ಜಾತಿಯ ಜೀವಿಗೂ ದಾಟಿಸುತ್ತವೆ. 2011ರಲ್ಲಿ ದೆಹಲಿಯ ರಸ್ತೆ ಬದಿಯ ನೀರಿನಲ್ಲಿ ಮತ್ತು ನಲ್ಲಿ ನೀರಿನಲ್ಲಿ ಎನ್‌ಡಿಎಂ-1 ಎಂಬ, ಪ್ರಬಲ ಪ್ರತಿಜೀವಕಗಳಿಗೂ ಬಗ್ಗದ ಗುಣ ಹೊತ್ತ ರೋಗಾಣು ಸಿಕ್ಕಿದ್ದು ದೊಡ್ಡ ಸುದ್ದಿಯಾಗಿತ್ತು. ಅದಕ್ಕೂ ಮೊದಲು 2007ರಲ್ಲಿ, ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ನೀರನ್ನು ಶುದ್ಧಗೊಳಿಸಿ ಬಿಡುವ ಜಾಗದಲ್ಲಿಯೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದದ್ದು ಪ್ರಕಟವಾಗಿತ್ತು. ಮೈಕ್ರೋ ಅಲ್ಲ, ಮಿಲಿ. ನಿಮ್ಮ ಹಳ್ಳದ ಮೇಲೆ ಅಂತಹ ಕಾರ್ಖಾನೆಗಳ ಸಾಲು ಇಲ್ಲ, ಇರುವುದು ಮನೆ ಮತ್ತು ಆಸ್ಪತ್ರೆ. ಆದ್ದರಿಂದ ಆ ಸಂಖ್ಯೆಯನ್ನು ಇಲ್ಲಿಗೆ ಹೊಂದಿಸಬೇಡಿ.

ಮತ್ತೆ, ಹೊಸ ವಿಷದ ಭಯದಲ್ಲಿ ಹಳೆಯ ಶತ್ರುವನ್ನು ಮರೆಯಬೇಡಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ವಾಂತಿಭೇದಿ ತರುವ ರೋಗಾಣು, ಜಂತುಹುಳುವಿನ ಮೊಟ್ಟೆ ಇವೇ ಇವತ್ತಿಗೂ ಮೊದಲನೆಯ ಅಪಾಯ. ಹಸಿಯಾಗಿ ತಿನ್ನುವ ಕೊತ್ತಂಬರಿಯನ್ನು ನೀವು ಮೊದಲು ನಿಲ್ಲಿಸಬೇಕಾದದ್ದು ಆ ಕಾರಣಕ್ಕೆ.

ಪರೀಕ್ಷೆಯ ವಿಷಯ: ಕೋಲಿಫಾರ್ಮ್, ನೈಟ್ರೇಟ್, ಸೀಸದಂತಹ ಭಾರಲೋಹ ಇವನ್ನು ಮಾನ್ಯತೆ ಪಡೆದ ಪ್ರಯೋಗಾಲಯಗಳು ಮಾಡಿಕೊಡುತ್ತವೆ. ಔಷಧಿಯ ಅಂಶ ಹುಡುಕಲು ಎಲ್‌ಸಿ-ಎಂಎಸ್ ಎಂಬ ದುಬಾರಿ ಉಪಕರಣ ಬೇಕು, ಒಂದೊಂದು ಔಷಧಿಗೂ ಬೇರೆ ಬೇರೆಯಾಗಿ ಹುಡುಕಬೇಕು. ಆ ಹಣ ಖರ್ಚು ಮಾಡಬೇಡಿ. ಊರಿನ ಚರಂಡಿ ನೀರಿನಲ್ಲಿ ಔಷಧಿ ಇದ್ದೇ ಇರುತ್ತದೆ ಎಂದುಕೊಂಡೇ ಬೆಳೆ ಆರಿಸಿ. ಅದೇ ಹಣದಲ್ಲಿ ಮಣ್ಣಿನ ಭಾರಲೋಹ ಪರೀಕ್ಷೆ ಮಾಡಿಸಿ ಮತ್ತು ಮೊಣಕಾಲಿನವರೆಗಿನ ಗಮ್‌ಬೂಟು ಎರಡು ಜೊತೆ ಕೊಳ್ಳಿ. ಬೂಟು ಈ ವಾರವೇ ಬರಲಿ.

ಬೆಳೆ: ಹೂವು. ಚೆಂಡು ಹೂವು, ಸೇವಂತಿಗೆ. ಹನಿ ನೀರಾವರಿಯಲ್ಲಿ ಬುಡಕ್ಕೆ ಮಾತ್ರ ನೀರು ಬೀಳಲಿ, ಕೀಳುವವರ ಕೈಗೂ ತಗುಲುವುದಿಲ್ಲ.

---

ಔಷಧಿ ಅಂಗಡಿಯವನು (ದಾವಣಗೆರೆ):

ಅಕ್ಕ, ಹತ್ತೊಂಬತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ನಿಮ್ಮ ಹಳ್ಳದ ನೀರಿನ ಇನ್ನೊಂದು ತುದಿಯಲ್ಲಿ ನಿಂತಿರುವವನು ನಾನು.

ಹರಿಹರದ ಹಿರಿಯರು ಹೇಳಿದ ಟ್ಯಾಂಕರ್ ಲೆಕ್ಕವನ್ನು ನನ್ನ ಗಿರಾಕಿಗಳಿಗೆ ಹಾಕಿ ನೋಡಿದೆ, ನಿಜಕ್ಕೂ ಗಾಬರಿಯಾಯಿತು. ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್ 500 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ನುಂಗುವವರು ಸಾಮಾನ್ಯ. ಅಂದರೆ ಒಬ್ಬರಿಂದ ದಿನಕ್ಕೆ ಒಂದು ಗ್ರಾಂ. ಈ ಔಷಧಿಯನ್ನು ದೇಹ ಒಡೆಯುವುದಿಲ್ಲ, ನುಂಗಿದ್ದು ಬಹುಮಟ್ಟಿಗೆ ಹಾಗೆಯೇ ಹೊರಹೋಗುತ್ತದೆ. ಶುದ್ಧೀಕರಣ ಘಟಕದಲ್ಲಿ ಅದರ ಬಹುಭಾಗ ಗ್ವಾನಿಲ್‌ಯೂರಿಯಾ ಎಂಬ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ ಎಂದು ಓದಿದ್ದೇನೆ. ಒಬ್ಬರ ಒಂದು ದಿನದ ಔಷಧಿ ಇನ್ನೂರು ಟ್ಯಾಂಕರ್ ನೀರಿನಲ್ಲಿ ಪತ್ತೆಯಾಗುವಷ್ಟಿದ್ದರೆ, ನನ್ನ ಒಂದೇ ಬೀದಿಯ ಲೆಕ್ಕ ಎಲ್ಲಿಗೆ ಹೋಗುತ್ತದೆ! ಇದಕ್ಕಾಗಿ ಯಾರೂ ಔಷಧಿ ನಿಲ್ಲಿಸಬಾರದು, ಅದನ್ನು ಒತ್ತಿ ಹೇಳುತ್ತೇನೆ. ಕಾಯಿಲೆಗೆ ಔಷಧಿ ಬೇಕೇ ಬೇಕು.

ಬೇಡವಾದದ್ದು ಬೇರೆ ಇದೆ. ನೆಗಡಿಗೆ ಎರಡು ಆಂಟಿಬಯಾಟಿಕ್ ಮಾತ್ರೆ ಕತ್ತರಿಸಿ ಕೊಡಿ ಎಂದು ಬರುವವರು ದಿನಕ್ಕೆ ಎಷ್ಟು ಜನ! ಮಾತ್ರೆಯ ಸ್ಟ್ರಿಪ್ ಪಟ್ಟಿಯ ಮೇಲೆ ಕೆಂಪು ಗೆರೆ ಇರುವುದು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು ಎಂಬ ಎಚ್ಚರಿಕೆಗೆ. 2014ರಿಂದ, ಹಲವು ಆಂಟಿಬಯಾಟಿಕ್‌ಗಳೂ ಸೇರಿರುವ ಎಚ್1 ಎಂಬ ಸರ್ಕಾರಿ ಪಟ್ಟಿಯ ಔಷಧಿಗಳಿಗೆ ನಾವು ಬೇರೆ ಪುಸ್ತಕದಲ್ಲಿ ವೈದ್ಯರ ಹೆಸರು, ರೋಗಿಯ ಹೆಸರು ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಾನು ಕೊಡುವುದಿಲ್ಲ ಎಂದರೆ ಗಿರಾಕಿ ಸಿಟ್ಟಿನಿಂದ ಹೋಗುತ್ತಾರೆ. ಮೊದಲ ವರ್ಷಗಳಲ್ಲಿ ಗಿರಾಕಿ ಹೋದಾರೆಂದು ನಾನೂ ಕೊಟ್ಟಿದ್ದೇನೆ. ನಿಮ್ಮ ಯಜಮಾನರ ಹಾಳೆಯಲ್ಲಿ ಏಳು 'ಆರ್' ಇದ್ದವೆಂದು ಓದಿದಾಗ ಅದೆಲ್ಲ ನೆನಪಾಯಿತು.

ಮನೆಯಲ್ಲಿ ಉಳಿದ ಮಾತ್ರೆ, ಅರ್ಧ ಬಾಟಲಿ ಸಿರಪ್ಪು ಎಲ್ಲಿಗೆ ಹೋಗುತ್ತದೆ? ಬಚ್ಚಲಿಗೆ. ಅಂಗಡಿಯ ಅವಧಿ ಮೀರಿದ ದಾಸ್ತಾನು ಸಗಟು ವ್ಯಾಪಾರಿಯ ಮೂಲಕ ಕಂಪನಿಗೆ ವಾಪಸು ಹೋಗುತ್ತದೆ, ಮನೆಯವರಿಗೆ ಆ ದಾರಿ ಇಲ್ಲ. ಕೇರಳದ ಔಷಧ ನಿಯಂತ್ರಣ ಇಲಾಖೆ 2025ರಲ್ಲಿ ಕೋಯಿಕ್ಕೋಡಿನಲ್ಲಿ ಮನೆಗಳಿಂದ ಹಳೆಯ ಔಷಧಿ ಸಂಗ್ರಹಿಸುವ ಕಾರ್ಯಕ್ರಮ ಶುರು ಮಾಡಿದೆ. ನಮ್ಮಲ್ಲಿ ಬರುವವರೆಗೆ ಕಾಯುವುದು ಏಕೆ ಎಂದು ನಾನು ಅಂಗಡಿಯ ಮುಂದೆ ಒಂದು ಪೆಟ್ಟಿಗೆ ಇಟ್ಟಿದ್ದೇನೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಬೇಡವಾದ ಔಷಧಿ ಹಳದಿ ಚೀಲಕ್ಕೆ ಹೋಗಬೇಕು. ಪಕ್ಕದ ನರ್ಸಿಂಗ್ ಹೋಮಿನವರು ತಮ್ಮ ಹಳದಿ ಚೀಲದ ಜೊತೆ ಇದನ್ನೂ ಕಳುಹಿಸಲು ಒಪ್ಪಿದ್ದಾರೆ. ಮೊದಲ ತಿಂಗಳು ಪೆಟ್ಟಿಗೆ ತುಂಬಿತು. ಮೇಲೆ ಕಂಡದ್ದು ಒಂದೇ ಒಂದು ಮಾತ್ರೆ ಮಾತ್ರ ನುಂಗಿದ ಆಂಟಿಬಯಾಟಿಕ್ ಪಟ್ಟಿಗಳು.

---

ಪ್ರಾಥಮಿಕ ಶಾಲೆಯ ಮೇಷ್ಟ್ರು (ಚಳ್ಳಕೆರೆ):

ಇದು ದಾವಣಗೆರೆಯಂತಹ ದೊಡ್ಡ ಊರಿನ ಸಮಸ್ಯೆ, ನಮ್ಮ ಹಳ್ಳಿಗಳು ಚೆನ್ನಾಗಿವೆ ಎಂದು ಯಾರಾದರೂ ತಿಳಿದಾರು ಎಂದು ಬರೆಯುತ್ತಿದ್ದೇನೆ.

ನಮ್ಮ ಕಡೆ ಕುರಿಯೇ ಬದುಕು. ಹೊಲಕ್ಕೆ ಕುರಿ ಮಂದೆ ನಿಲ್ಲಿಸಿಕೊಂಡರೆ ಆ ವರ್ಷ ಬೇರೆ ಗೊಬ್ಬರ ಬೇಡ. ಈಗ ಕುರಿಗಳಿಗೆ ಜಂತುಹುಳುವಿಗೂ ಉಣ್ಣಿಗೂ ಐವರ್‌ಮೆಕ್ಟಿನ್ ಕೊಡುತ್ತಾರೆ. ಒಳ್ಳೆಯ ಔಷಧಿಯೇ, ಕುರಿ ಉಳಿಯುತ್ತದೆ. ಆದರೆ ಅದರ ಬಹುಪಾಲು ಹಿಕ್ಕೆಯಲ್ಲಿಯೇ ಹೊರಬರುತ್ತದೆ, ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಸಗಣಿಯನ್ನು ಉಂಡೆ ಮಾಡಿ ಉರುಳಿಸಿಕೊಂಡು ಹೋಗುವ ಜೀರುಂಡೆಯನ್ನು ನಾನು ಹುಡುಗನಾಗಿದ್ದಾಗ ಗಂಟೆಗಟ್ಟಲೆ ನೋಡುತ್ತಿದ್ದೆ. ಹೋದ ವರ್ಷ ಮಕ್ಕಳಿಗೆ ತೋರಿಸಲು ಮಂದೆ ನಿಂತ ಹೊಲದಲ್ಲಿ ಅರ್ಧ ದಿನ ಹುಡುಕಿದೆ, ಒಂದೂ ಸಿಗಲಿಲ್ಲ. ಕಾರಣ ಇದೊಂದೇ ಎನ್ನಲು ನನಗೆ ಬರುವುದಿಲ್ಲ. ರಣಹದ್ದುಗಳಿಗೆ ಆದದ್ದಂತೂ ಎಲ್ಲರಿಗೂ ಗೊತ್ತು. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತರೆ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ಕೆಲವೇ ವರ್ಷಗಳಲ್ಲಿ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋದವು. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು.

ಹೆಂಡತಿಯ ತವರು ಜಗಳೂರಿನ ಕಡೆ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ಬಿತ್ತಿದ ಎರಡು ಮೂರು ದಿನದಲ್ಲಿ ಕಳೆಗೆ ಅಟ್ರಾಜಿನ್ ಹೊಡೆಯುತ್ತಾರೆ. ಮರುದಿನ ಜೋರು ಮಳೆ ಬಂದರೆ ಅದು ಹೊಲದಿಂದ ಹಳ್ಳಕ್ಕೆ, ಕೆರೆಗೆ ಹೋಗುತ್ತದೆ, ನಿಧಾನವಾಗಿ ಅಂತರ್ಜಲಕ್ಕೂ ಇಳಿಯುತ್ತದೆ. ಅಂತರ್ಜಲದಲ್ಲಿ ಸಿಗುತ್ತಿದೆ ಎಂಬ ಕಾರಣಕ್ಕೇ ಐರೋಪ್ಯ ಒಕ್ಕೂಟ ಇದನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಕೈಬಿಟ್ಟಿದೆ. ನಮ್ಮ ಜಿಲ್ಲೆಗಳಲ್ಲಿ ಕೊಳವೆಬಾವಿಯ ನೀರಿಗೆ ಹೆದರುವುದು ಫ್ಲೋರೈಡ್‌ಗೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಪಂಚಾಯಿತಿಯ ಪರೀಕ್ಷಾ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್ ನೋಡಬಹುದು, ಕಳೆನಾಶಕ ನೋಡಲು ಬರುವುದಿಲ್ಲ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿಗೆ ಒಂದು ಕ್ಯಾನು ನೀರು ತುಂಬಿಸಿಕೊಳ್ಳುತ್ತೇವೆ. ಅಲ್ಲಿ ಬೇರ್ಪಟ್ಟ ಫ್ಲೋರೈಡ್ ತುಂಬಿದ ನೀರು ಮೋರಿಗೆ ಹೋಗುತ್ತದೆ, ಮೋರಿಯ ನೀರು ಮತ್ತೆ ಅದೇ ನೆಲಕ್ಕೆ.

ಅಕ್ಕ, ನಿಮಗೆ ಒಂದು ಮಾತು. ಕೊಳವೆಬಾವಿ ಹಳ್ಳಕ್ಕೆ ಎಷ್ಟು ದೂರದಲ್ಲಿದೆ? ಹತ್ತಿರವಿದ್ದರೆ ಹಳ್ಳದ ನೀರೇ ಇಂಗಿ ಅಲ್ಲಿಗೆ ಬರುತ್ತಿರಬಹುದು. ಹಿತ್ತಿಲಿನ ಮಡಿ ಸುರಕ್ಷಿತ ಎಂದು ಮೊದಲೇ ನಂಬಬೇಡಿ.

---

ದಾವಣಗೆರೆಯವನು, ಈಗ ಕೋಲಾರದಲ್ಲಿ:

ಎಲ್ಲರೂ ಹೀಗೆ ಹೆದರಿಸಿದರೆ ರೈತ ಏನು ಮಾಡಬೇಕು? 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಬತ್ತಿಹೋಗಿದ್ದ ಕೊಳವೆಬಾವಿಗಳಲ್ಲಿ ನೀರು ಬಂದಿದೆ, ಊರು ಬಿಟ್ಟಿದ್ದವರು ಮರಳಿ ಬೇಸಾಯಕ್ಕೆ ಕೂತಿದ್ದಾರೆ. ನಾನು ಕಣ್ಣಾರೆ ನೋಡಿದ್ದೇನೆ. ನೀರೇ ಇಲ್ಲದವನ ಮುಂದೆ ಮೈಕ್ರೋಗ್ರಾಂ ಲೆಕ್ಕ ಹೇಳುವುದು ಸರಿಯಲ್ಲ.

---

ನಿವೃತ್ತ ರಸಾಯನಶಾಸ್ತ್ರಜ್ಞ (ಹರಿಹರ):

ತಮ್ಮ, ನೀರು ಬೇಡ ಎಂದು ಇಲ್ಲಿ ಯಾರೂ ಹೇಳಿಲ್ಲ. ಆದರೆ ಕೋಲಾರಕ್ಕೆ ಹೋಗುವ ನೀರು ಎರಡನೆಯ ಹಂತದವರೆಗೆ, ಅಂದರೆ ಸೂಕ್ಷ್ಮಜೀವಿಗಳು ಕೊಳೆ ತಿನ್ನುವವರೆಗೆ ಮಾತ್ರ ಶುದ್ಧವಾದದ್ದು. ಆ ಯೋಜನೆ ಶುರುವಾದ ಮರು ತಿಂಗಳೇ ಅಲ್ಲಿನ ಕೆರೆಯಲ್ಲಿ ನೊರೆ ಕಂಡು ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಮೂರನೆಯ ಹಂತ ಬೇಕು ಎಂದು ಕೇಳುತ್ತಿರುವವರು ಕೋಲಾರದ ರೈತರೇ. ಔಷಧಿಯ ಅಂಶ ತೆಗೆಯುವ ಉಪಾಯ ಇಲ್ಲದಿಲ್ಲ. ಓಝೋನ್ ಹಾಯಿಸಬಹುದು, ಸಕ್ರಿಯ ಇದ್ದಿಲಿನ ಮೂಲಕ ಸೋಸಬಹುದು. ಸ್ವಿಟ್ಜರ್ಲೆಂಡ್ 2016ರಿಂದ ತನ್ನ ಆಯ್ದ ಘಟಕಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಐರೋಪ್ಯ ಒಕ್ಕೂಟದ 2024ರ ನಿರ್ದೇಶನದಲ್ಲಿ ಈ ಹೆಚ್ಚುವರಿ ಹಂತದ ಖರ್ಚಿನಲ್ಲಿ ಕನಿಷ್ಠ ನೂರಕ್ಕೆ 80 ಭಾಗವನ್ನು ಔಷಧಿ ಮತ್ತು ಸೌಂದರ್ಯವರ್ಧಕ ತಯಾರಕರೇ ಕೊಡಬೇಕು ಎಂದಿದೆ. ನಮ್ಮಲ್ಲಿ 2020ರಲ್ಲಿ ಔಷಧಿ ಕಾರ್ಖಾನೆಗಳ ನೀರಿನಲ್ಲಿ ಪ್ರತಿಜೀವಕಕ್ಕೆ ಮಿತಿ ಹಾಕುವ ಕರಡು ಬಂತು. 2021ರಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳೇ ಇರಲಿಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

---

ಹಳ್ಳದ ದಂಡೆಯವಳು:

ಕೋಲಾರದ ಅಣ್ಣ, ನೀವು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ತೂಬಿನ ಮುಂದೆ ರಾತ್ರಿ ಕಾದ ಮನೆಯವಳು ನಾನು. ಹಳ್ಳದ ನೀರಿಲ್ಲದಿದ್ದರೆ ಮಗಳ ಓದು ಎರಡನೆಯ ವರ್ಷಕ್ಕೇ ನಿಲ್ಲುತ್ತಿತ್ತು. ನೀರನ್ನು ನಾನು ಬೈಯುವುದಿಲ್ಲ. ಆ ನೀರು ಯಾರ ಬಾಯಿಗೆ ಹೋಗಬೇಕು, ಯಾವುದಕ್ಕೆ ಹೋಗಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಮೇಷ್ಟ್ರೇ, ಕೊಳವೆಬಾವಿ ಹಳ್ಳದಿಂದ ಸುಮಾರು ಮುನ್ನೂರು ಹೆಜ್ಜೆ ಮೇಲಕ್ಕಿದೆ. ನಾನು ಇದನ್ನು ಯೋಚಿಸಿರಲೇ ಇಲ್ಲ. ನೀರನ್ನು ಪರೀಕ್ಷೆಗೆ ಕೊಡುತ್ತೇನೆ.

---

ಹಳ್ಳದ ದಂಡೆಯವಳು (ಐದು ವಾರಗಳ ನಂತರ):

ಸಲಹೆ ಕೊಟ್ಟವರಿಗೆ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಗಮ್‌ಬೂಟು ಮೊದಲ ವಾರವೇ ಬಂತು. ಯಜಮಾನರಿಗೆ ಮೂರು ದಿನ ಅದರಲ್ಲಿ ನಡೆಯಲು ಬರಲಿಲ್ಲ, ಈಗ ಅಭ್ಯಾಸವಾಗಿದೆ. ಕೊಳವೆಬಾವಿಯ ನೀರಿನಲ್ಲಿ ಮಲದ ಕೋಲಿಫಾರ್ಮ್ ಇಲ್ಲ, ನೈಟ್ರೇಟ್ ಮಿತಿಗಿಂತ ಸ್ವಲ್ಪ ಕೆಳಗಿದೆ. ಔಷಧಿಯ ಮಾತು ಆ ಹಾಳೆಯಲ್ಲಿ ಇಲ್ಲ ಎಂಬುದು ಈಗ ನನಗೆ ಗೊತ್ತು. ಮುಂದಿನ ಬೇಸಿಗೆಯಲ್ಲಿ ಮತ್ತೊಮ್ಮೆ ಮಾಡಿಸುತ್ತೇವೆ.

ಹಳ್ಳದ ನೀರಿನ ಕೊತ್ತಂಬರಿ, ಮೆಂತ್ಯ, ಪಾಲಕ್ ಎಲ್ಲವನ್ನೂ ಕಿತ್ತೆವು. ಮಾರಲಿಲ್ಲ, ಉತ್ತು ಮಣ್ಣಿಗೆ ಸೇರಿಸಿದೆವು. ಆ ದಿನ ಅತ್ತೆ ಮಾತನಾಡಲಿಲ್ಲ. ಬೆಳೆದು ನಿಂತ ಸೊಪ್ಪನ್ನು ಉಳುವುದು ಅವರಿಗೆ ತಡೆಯಲಾಗಲಿಲ್ಲ, ನನಗೂ ಅಷ್ಟೇ. ಅಲ್ಲಿ ಒಂದೂಕಾಲು ಎಕರೆ ಚೆಂಡು ಹೂವು, ಉಳಿದದ್ದಕ್ಕೆ ಸೇವಂತಿಗೆ ಸಸಿ ಹಾಕಿದ್ದೇವೆ. ಹನಿ ನೀರಾವರಿಯ ಪೈಪುಗಳ ತೂತು ಹಳ್ಳದ ಕೆಸರಿನಿಂದ ಕಟ್ಟಿಕೊಳ್ಳುತ್ತದೆ, ವಾರಕ್ಕೆ ಎರಡು ಸಲ ಸೋಸುಬಟ್ಟೆ ತೊಳೆಯಬೇಕು. ಸೊಪ್ಪಿನಂತೆ ದಿನವೂ ಕೈಗೆ ಕಾಸು ಬರುವುದಿಲ್ಲ. ಮಗಳ ಈ ಸಲದ ಶುಲ್ಕಕ್ಕೆ ಸಂಘದಲ್ಲಿ ಸಾಲ ತೆಗೆದಿದ್ದೇನೆ.

ಕೊಳವೆಬಾವಿಯಲ್ಲಿ ಒಂದೂವರೆ ಇಂಚು ನೀರಿದೆ. ಅದರಿಂದ ಮನೆಯ ಪಕ್ಕ ಹನ್ನೆರಡು ಗುಂಟೆ ಸೊಪ್ಪು ಮಾಡಿದ್ದೇವೆ. ಮಾರುಕಟ್ಟೆಯ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಮೊದಲು ಅವರು ಸುಮ್ಮನೆ ನಿಂತರು, ಆಮೇಲೆ ಬುಟ್ಟಿ ಎತ್ತಿಕೊಂಡು ಹೊರಟುಹೋದರು. ಎಂಟು ದಿನ ನನ್ನ ಕಡೆ ನೋಡಲಿಲ್ಲ. ಒಂಬತ್ತನೆಯ ದಿನ ಬಂದು, ಹೊಸ ಸೊಪ್ಪು ಎಷ್ಟಿದೆ ಎಂದು ಕೇಳಿದರು. ಹದಿನೈದು ಕಟ್ಟು ಎಂದೆ. ಹದಿನೈದನ್ನೂ ಕೊಂಡರು. ಸೊಸೆ ಹೇಗಿದ್ದಾಳೆ ಎಂದು ಕೇಳಲು ಧೈರ್ಯವಾಗಲಿಲ್ಲ, ಅವರೇ ಚೆನ್ನಾಗಿದ್ದಾಳೆ ಎಂದರು.

ಹಿತ್ತಿಲಿನ ಎರಡು ಮಡಿಗಳನ್ನು ತೆಗೆದು ಈ ಹನ್ನೆರಡು ಗುಂಟೆಗೆ ಸೇರಿಸಿದ್ದೇವೆ. ನಿನ್ನೆ ಸಂಜೆ ಸಂತೆಯ ಕಟ್ಟಿನಿಂದಲೇ ಒಂದು ಹಿಡಿ ದಂಟು ತೆಗೆದು ಸಾರು ಮಾಡಿದೆ.

ಮಣ್ಣಿನ ಭಾರಲೋಹದ ಫಲಿತಾಂಶ ಇನ್ನೂ ಬರಬೇಕು. ಬಂದ ಮೇಲೆ ಹರಿಹರದ ಸರ್‌ಗೆ ಇಲ್ಲಿಯೇ ತೋರಿಸುತ್ತೇನೆ.